ಕತ್ತಿನ ಗಂಟನ್ನು ಮುಚ್ಚಿಡಬೇಡಿ



ದುಪಟ್ಟಾದ ಮರೆಯಲ್ಲಿರುವ ಕತ್ತಿನ ಗಂಟು ಮನೆಯವರ ಕಣ್ಣಿಗೂ ಬೀಳುವುದಿಲ್ಲ. ನೋವಿಲ್ಲವೆಂದು ನೀವೂ ಸುಮ್ಮನಿರುತ್ತೀರಿ. ಮಗಳಿಗಾದರೆ, ಸಂಬಂಧ ತಪ್ಪೀತೆಂದು ತಾಯಿಯೇ ಮುಚ್ಚಿಡುತ್ತಾಳೆ. ಥೈರಾಯ್ಡ್ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಜ. ಆದರೆ ಅದನ್ನು ಹೇಳಬೇಕಾದುದು ಪರೀಕ್ಷೆಯೇ ಹೊರತು ನಮ್ಮ ಊಹೆಯಲ್ಲ.

ಅಪರೂಪದ ಮೆಡುಲ್ಲರಿ ಕ್ಯಾನ್ಸರನ್ನೇ ನೋಡಿ. ಇದರಲ್ಲಿ ಸಾಮಾನ್ಯ ಥೈರಾಯ್ಡ್ ರಕ್ತಪರೀಕ್ಷೆ ಸರಿಯಾಗಿಯೇ ಬರಬಹುದು. ಸ್ಕ್ಯಾನಿಂಗ್, ಸೂಜಿ ಪರೀಕ್ಷೆ ಮತ್ತು ರಕ್ತದಲ್ಲಿನ ಕ್ಯಾಲ್ಸಿಟೋನಿನ್ ಪ್ರಮಾಣದಿಂದ ರೋಗ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯೇ ಮುಖ್ಯ ಮದ್ದು. ಇಡೀ ಗ್ರಂಥಿಯನ್ನು ತೆಗೆಯುತ್ತಾರೆ. ಇತರ ಥೈರಾಯ್ಡ್ ಕ್ಯಾನ್ಸರುಗಳಿಗೆ ಕೊಡುವ ವಿಕಿರಣ ಅಯೋಡಿನ್ ಇಲ್ಲಿ ನಾಟದು. ಈ ಕೋಶಗಳು ಅಯೋಡಿನ್ ಹೀರುವುದಿಲ್ಲ. ಬಳಿಕ ಜೀವನವಿಡೀ ಮಾತ್ರೆ ಬೇಕು. ರಮಝಾನ್‌ನಲ್ಲಿ ಅದನ್ನು ಬಿಡಬೇಡಿ, ಹೊತ್ತು ಬದಲಿಸಲು ವೈದ್ಯರನ್ನು ಕೇಳಿ.

ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ವಂಶದಿಂದ ಬರುತ್ತದೆ. ಕಾರಣವಾದ ‘ರೆಟ್’ ಜೀನಿನ ದೋಷ 1993ರಲ್ಲಿ ಪತ್ತೆಯಾಯಿತು. ದೋಷವಿರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲೇ ತಿಳಿದರೆ, ಕ್ಯಾನ್ಸರ್ ಹುಟ್ಟುವ ಮುನ್ನವೇ ಗ್ರಂಥಿ ತೆಗೆದು ಮಗುವನ್ನು ಉಳಿಸಬಹುದು. ರೋಗ ಮುಚ್ಚಿಟ್ಟ ಮನೆಯಲ್ಲಿ ಆ ಮಗುವಿಗೆ ಈ ದಾರಿ ಸಿಗುವುದು ಹೇಗೆ? ಒಬ್ಬರಿಗೆ ಬಂದರೆ ಅವರ ಜೀನ್ ಪರೀಕ್ಷೆ ಮಾಡಿಸಿ. ದೋಷ ಕಂಡರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಹೇಳಿ.

ಸನವಳ್ಳಿಯಂತಹ ಹಳ್ಳಿಯವರು ಮೊದಲು ಮುಂಡಗೋಡದ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅವರು ಬರೆದುಕೊಟ್ಟರೆ ಹುಬ್ಬಳ್ಳಿಗೆ ಹೋಗಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ.

ಇಂದೇ ಕನ್ನಡಿಯ ಮುಂದೆ ನಿಂತು ಒಂದು ಗುಟುಕು ನೀರು ನುಂಗುತ್ತಾ ಕತ್ತು ನೋಡಿಕೊಳ್ಳಿ. ಗಂಟು ಕಂಡರೆ ಈ ವಾರವೇ ಹೊರಡಿ.