ಮುಂಡಗೋಡದ ನೆರೆಯವರು ಮತ್ತು ನಮ್ಮ ಕಾನೂನು

ಕಾಗಿನೆಲೆಯಿಂದ ಪಶ್ಚಿಮಕ್ಕೆ ಹೊರಟು ಹಾನಗಲ್ಲ ಸೀಮೆ ದಾಟಿದರೆ ಉತ್ತರ ಕನ್ನಡದ ಮುಂಡಗೋಡ. 1959ರ ನಂತರ ಟಿಬೆಟನ್ನು ತೊರೆದು ಬಂದವರಿಗೆ ಅಂದಿನ ಮೈಸೂರು ರಾಜ್ಯವು ಅಲ್ಲಿ ನೆಲೆ ಒದಗಿಸಿದ್ದು 1966ರಲ್ಲಿ, ಆಗ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳು. ವಲಸಿಗರು ಗೋವಿನಜೋಳ ಬೆಳೆದರು, ಕಳೆದುಕೊಂಡ ಮಠಗಳನ್ನು ಮತ್ತೆ ಕಟ್ಟಿದರು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಈ ನೆರೆಯವರನ್ನು ಅರಿಯದ ಕುಟುಂಬಗಳು ನಮ್ಮಲ್ಲಿ ವಿರಳ.

ಆದರೆ ಕಾನೂನಿನ ದೃಷ್ಟಿಯಲ್ಲಿ ಅವರು ಯಾರು? ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ; ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನನ್ನೂ ರಚಿಸಿಲ್ಲ. ಟಿಬೆಟನ್ನರು ವಿದೇಶಿಯರೆಂದು ನೋಂದಣಿ ಪತ್ರ ಪಡೆದು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. 2019ರ ಪೌರತ್ವ ತಿದ್ದುಪಡಿಯು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಆರು ಧರ್ಮದವರಿಗೆ ದಾರಿ ತೆರೆಯಿತು. ಆ ಪಟ್ಟಿಯಲ್ಲಿ ಕ್ರೈಸ್ತರಿದ್ದಾರೆ, ಬೌದ್ಧರೂ ಇದ್ದಾರೆ; ಆದರೆ ಟಿಬೆಟ್ ಇಲ್ಲ. ನಮ್ಮವರ ಹೆಸರಿದೆಯೆಂದು ನಾವು ಸುಮ್ಮನಿರುವುದು ನ್ಯಾಯವೇ?

1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯರೆಂದು ದೆಹಲಿ ಹೈಕೋರ್ಟು 2010ರಲ್ಲಿ ಹೇಳಿತು. 2013ರಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದರೂ 2017ರಲ್ಲಿ, ಪಾಸ್‌ಪೋರ್ಟ್ ಬಯಸುವವರು ವಸತಿ ಪ್ರದೇಶದಲ್ಲಿ ವಾಸಿಸುವಂತಿಲ್ಲವೆಂಬ ಷರತ್ತು ಬಂದಿತು. ಹಕ್ಕು ಬೇಕೆಂದರೆ ಹೆತ್ತವರ ನೆರಳು ಬಿಡಬೇಕು; ಮನೆ ಬೇಕೆಂದರೆ ಹಕ್ಕು ಬಿಡಬೇಕು! 2025ರ ವಲಸೆ ಮತ್ತು ವಿದೇಶಿಯರ ಅಧಿನಿಯಮದಲ್ಲೂ ನಿರಾಶ್ರಿತನೆಂಬ ವ್ಯಾಖ್ಯೆಯಿಲ್ಲ. ನೋಂದಾಯಿತ ಟಿಬೆಟನ್ನರಿಗೆ ವಿನಾಯಿತಿ ದೊರೆತದ್ದು ಸರ್ಕಾರದ ಆದೇಶದಿಂದ. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗಬಹುದು.

ಗಡಿ ಕಾಯುವುದೂ ವಲಸೆಗೆ ನಿಯಮ ವಿಧಿಸುವುದೂ ರಾಜ್ಯದ ಅಧಿಕಾರವೆಂಬುದನ್ನು ಧರ್ಮಸಭೆ ಒಪ್ಪುತ್ತದೆ. ಜೊತೆಗೆ, ಬಾಲ ಯೇಸುವನ್ನೆತ್ತಿಕೊಂಡು ಐಗುಪ್ತಕ್ಕೆ ಓಡಿದ ಪವಿತ್ರ ಕುಟುಂಬವನ್ನೂ ನೆನಪಿಸುತ್ತದೆ. ಸ್ವಾಗತಿಸುವುದು, ರಕ್ಷಿಸುವುದು, ಏಳಿಗೆಗೆ ನೆರವಾಗುವುದು, ಒಂದುಗೂಡಿಸಿಕೊಳ್ಳುವುದು: ವಲಸಿಗರ ವಿಷಯದಲ್ಲಿ ದಿವಂಗತ ಪೋಪ್ ಫ್ರಾನ್ಸಿಸರು 2018ರ ಸಂದೇಶದಲ್ಲಿ ಈ ನಾಲ್ಕು ಕರ್ತವ್ಯಗಳನ್ನು ಮುಂದಿಟ್ಟರು. ಮೊದಲನೆಯದನ್ನು ಕರ್ನಾಟಕ ಉದಾರವಾಗಿ ನೆರವೇರಿಸಿದೆ. ಉಳಿದವುಗಳಿಗೆ ಕಾನೂನಿನ ಬಲ ಬೇಕು.

ತಾಯ್ನಾಡಿಗೆ ಮರಳುವ ಆಸೆಯಿಂದ ಪೌರತ್ವ ಬೇಡವೆನ್ನುವವರೂ ಅವರಲ್ಲಿದ್ದಾರೆ. ಆ ಆಸೆಯನ್ನು ಗೌರವಿಸೋಣ. ಬೇಕೆನ್ನುವವರಿಗೆ ಮನೆ ತೊರೆಯದೆ ಅದು ದೊರಕಲಿ. ಬೇಡವೆನ್ನುವವರಿಗೆ ನಿರಾಶ್ರಿತರ ಕಾನೂನೊಂದು ಭದ್ರತೆ ನೀಡಲಿ. ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುವುದನ್ನು ಪ್ರಶ್ನಿಸಿದ ಕನಕದಾಸರ ನೆಲದಲ್ಲಿ ಬಾಳುವ ನಾವು, ನಮ್ಮ ಜನಪ್ರತಿನಿಧಿಗಳ ಮುಂದೆ ಇಷ್ಟನ್ನಾದರೂ ಕೇಳಬೇಕು.