ದೊಡ್ಡ ಗ್ರಂಥಗಳನ್ನು ಓದುವ ಬಗೆ

ಐದಾರುನೂರು ಪುಟಗಳ ಗ್ರಂಥವನ್ನು ಕಂಡೊಡನೆಯೇ “ಇದನ್ನೋದಲು ನಮಗೆ ವಿರಾಮವೆಲ್ಲಿ?” ಎಂದು ಹಿಂಜರಿಯುವವರು ಬಹಳ ಮಂದಿ. ಗೃಹಕೃತ್ಯಗಳ ಭಾರವನ್ನು ಹೊತ್ತ ಸೋದರಿಯರು ಹೀಗೆನ್ನುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ದೊಡ್ಡ ಗ್ರಂಥಗಳಲ್ಲಿ ಅನೇಕವು ದಿನದಿನಕ್ಕೆ, ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಬೆಳೆದವು. ಅವು ಬೆಳೆದ ರೀತಿಯಲ್ಲಿಯೇ ಅವುಗಳನ್ನು ಓದಲೂಬಹುದೆಂದು ವಾಚಕರಿಗೆ ಬಿನ್ನವಿಸುತ್ತೇವೆ.

ಮಹಾತ್ಮಾ ಗಾಂಧಿಯವರ ಆತ್ಮಕಥೆಯು 1925ರಿಂದ 1929ರವರೆಗೆ ‘ನವಜೀವನ’ವೆಂಬ ಗುಜರಾತಿ ವಾರಪತ್ರಿಕೆಯಲ್ಲಿ ಪ್ರಕರಣ ಪ್ರಕರಣವಾಗಿ ಪ್ರಕಟವಾಯಿತು. ಒಂದೊಂದು ಪ್ರಕರಣವೂ ಕೆಲವೇ ಪುಟಗಳದು. ಅನ್ನದ ಎಸರು ಕುದಿಯುವಷ್ಟರಲ್ಲಿ ಓದಿ ಮುಗಿಸಬಹುದು. ಪತ್ನಿಯೊಡನೆ ತಾವು ನಡೆದುಕೊಂಡ ಕಾಠಿಣ್ಯವನ್ನೂ ಅವರು ಅದರಲ್ಲಿ ಮರೆಮಾಚಿಲ್ಲ. ಆ ಭಾಗವನ್ನು ಗೃಹಸ್ಥರು ವಿಶೇಷವಾಗಿ ಓದತಕ್ಕದ್ದು.

ಇತಿಹಾಸಕ್ಕೆ ಬಂದರೆ, ಜವಾಹರಲಾಲ ನೆಹರೂ ಅವರು 1930ರಿಂದ 1933ರವರೆಗೆ, ಬಹುಪಾಲು ಸೆರೆಮನೆಗಳಿಂದ, ಮಗಳು ಇಂದಿರೆಗೆ ಬರೆದ 196 ಪತ್ರಗಳಿವೆ. ಪ್ರಪಂಚದ ಚರಿತ್ರೆಯನ್ನೆಲ್ಲ ತಂದೆಯೊಬ್ಬನು ಮಗಳಿಗೆ ಹೇಳುವಂತೆ ಅಲ್ಲಿ ಹೇಳಿದೆ. ರಾತ್ರಿಗೊಂದು ಪತ್ರದಂತೆ ಮಕ್ಕಳಿಗೆ ಓದಿ ಹೇಳಿದರೆ ಏಳು ತಿಂಗಳೊಳಗೆ ಗ್ರಂಥವು ಮುಗಿಯುತ್ತದೆ.

ಅಧ್ಯಾತ್ಮದಲ್ಲಿ ಆಸಕ್ತರಾದವರಿಗೆ ‘ಶ್ರೀರಾಮಕೃಷ್ಣ ವಚನವೇದ’ವಿದೆ. ಕಲ್ಕತ್ತೆಯ ಉಪಾಧ್ಯಾಯರಾದ ಮಹೇಂದ್ರನಾಥ ಗುಪ್ತರು 1882ರಿಂದ ತಮ್ಮ ದಿನಚರಿಯಲ್ಲಿ ಗುರುತುಹಾಕಿಕೊಂಡ ಸಂಭಾಷಣೆಗಳೇ ಅದಕ್ಕೆ ಮೂಲ. ಬಂಗಾಳಿಯಲ್ಲಿ ಅವು ಐದು ಸಂಪುಟಗಳಾಗಿ ಬೆಳೆದವು. ಒಂದು ದಿನದ ಮಾತುಕತೆಯನ್ನು ಒಂದು ದಿನ ಓದಿ, ಮರುದಿನವೆಲ್ಲ ಅದನ್ನು ಮನನಮಾಡುವುದು ಲೇಸು.

ಇನ್ನು ಕಾದಂಬರಿ. ಟಾಲ್‌ಸ್ಟಾಯ್ ಮಹಾಶಯರ ‘ಯುದ್ಧ ಮತ್ತು ಶಾಂತಿ’ಯು 1865ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಬರತೊಡಗಿ, 1869ರಲ್ಲಿ ಪೂರ್ಣ ಗ್ರಂಥವಾಯಿತು. ಅದರ ಅಧ್ಯಾಯಗಳು 361. ದಿನಕ್ಕೊಂದರಂತೆ ಹೆಚ್ಚುಕಡಿಮೆ ಒಂದು ಸಂವತ್ಸರದ ವ್ಯಾಸಂಗ. ಮೊದಲಿಗೆ ಸಭಾಮರ್ಯಾದೆಯನ್ನರಿಯದ ಒಡ್ಡನಂತೆ ತೋರುವ ಪಿಯೇರನು, ಫ್ರೆಂಚರ ಸೆರೆಯಲ್ಲಿ ನೊಂದು ಬೆಂದು ಹೊರಬರುವ ವೇಳೆಗೆ ನಮ್ಮ ಗೌರವಕ್ಕೆ ಪಾತ್ರನಾಗಿರುತ್ತಾನೆ. ನಾವು ಆತುರದಿಂದ ಕೊಟ್ಟ ತೀರ್ಪನ್ನು ನಾವೇ ಹಿಂತೆಗೆದುಕೊಳ್ಳಬೇಕಾಗುತ್ತದೆ.

ದೊಡ್ಡ ಗ್ರಂಥದ ನಿಜವಾದ ಉಪಕಾರ ಇದೇ ಎಂದು ನಮ್ಮ ಅಭಿಪ್ರಾಯ. ಮನುಷ್ಯನನ್ನು ಅರಿಯಲು ಕಾಲ ಬೇಕೆಂಬುದನ್ನು ಅದು ಕಲಿಸುತ್ತದೆ. ಅತ್ತೆಯು ಸೊಸೆಯನ್ನು, ಸೊಸೆಯು ಅತ್ತೆಯನ್ನು ಒಂದು ದಿನದ ಒಂದು ಮಾತಿನಿಂದ ಅಳೆದುಬಿಡುವ ಮನೆಗಳಲ್ಲಿ ಈ ತಾಳ್ಮೆಯು ಎಷ್ಟು ಅವಶ್ಯಕವೆಂಬುದನ್ನು ಹೇಳಬೇಕಾದುದಿಲ್ಲ.

ಈ ಕ್ರಮವು ನಮ್ಮ ನಾಡಿಗೆ ಹೊಸದೂ ಅಲ್ಲ. ಕುಮಾರವ್ಯಾಸನ ಭಾರತವನ್ನು ಹಿರಿಯರು ಸಂಜೆಗೊಂದು ಸಂಧಿಯಂತೆ ಗಮಕಿಗಳಿಂದ ಓದಿಸಿ ಕೇಳಿದರು. ಅಕ್ಷರವರಿಯದವರೂ ಅದನ್ನು ಆದ್ಯಂತವಾಗಿ ಬಲ್ಲವರಾದರು. ಆದಕಾರಣ ಮನೆಯಲ್ಲಿ ಒಬ್ಬರು ಓದಲಿ, ಉಳಿದವರು ಹೂ ಕಟ್ಟುತ್ತಲೋ ಕಾಳು ಆರಿಸುತ್ತಲೋ ಕೇಳಲಿ. ನಿಲ್ಲಿಸಿದ ಪುಟದಲ್ಲಿ ಒಂದು ದಾರವನ್ನಿಟ್ಟು ಮರುದಿನ ಅಲ್ಲಿಂದಲೇ ಮುಂದುವರಿಯಲಿ. ದಿನಕ್ಕೆ ನಾಲ್ಕು ಪುಟಗಳಾದರೂ ವರ್ಷಕ್ಕೆ 1,460 ಪುಟಗಳಾದವು!