ಸಬ್ಬಸಿಗೆ ಸೊಪ್ಪು ಬಾಣಂತಿಗೆ ಮಾತ್ರವೇ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಹಿತ್ತಿಲುಗಳಲ್ಲಿ ಹರಿವೆ, ಬಸಳೆಗಳಿಗಿರುವ ಸಲಿಗೆ ಸಬ್ಬಸಿಗೆಗೆ ಇಲ್ಲ. ಬಾಣಂತಿಗೆ ಹಾಲು ಹೆಚ್ಚಲೆಂದು ಅದನ್ನು ತರಿಸುವ ರೂಢಿಯು ಕನ್ನಡನಾಡಿನ ಅನೇಕ ಮನೆಗಳಲ್ಲಿ ಉಂಟು. ಆ ನಂಬಿಕೆಗೆ ವೈದ್ಯಶಾಸ್ತ್ರದ ಆಧಾರವು ಇನ್ನೂ ದೃಢವಾಗಿಲ್ಲ. ಆದರೆ ಸೊಪ್ಪಿನ ಪೌಷ್ಟಿಕ ಗುಣವು ನಿಸ್ಸಂದೇಹವಾದುದು. ನೂರು ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 85 ಮಿಲಿಗ್ರಾಂ ಸಿ ಜೀವಸತ್ವ, 200 ಮಿಲಿಗ್ರಾಂ ಸುಣ್ಣದ ಅಂಶ, 6 ಮಿಲಿಗ್ರಾಂಗೂ ಮಿಕ್ಕಿ ಕಬ್ಬಿಣ ಇವೆ. ರಕ್ತವೃದ್ಧಿಗೆ ಬೇಕಾದ ಫೋಲೇಟೂ ಇದೆ.

ಇದು ಮೊದಲು ಯಾರಿಗೆ ಬೇಕು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 19 ವಯಸ್ಸಿನ ಭಾರತೀಯ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರೆಂದು ಕಂಡುಬಂತು. ಬಾಣಂತಿಯ ಆರೈಕೆಯು ಅವಶ್ಯವೇ ಸರಿ. ಆದರೆ ಮೈ ಬೆಳೆಯುವ, ಮುಟ್ಟು ಆರಂಭವಾಗುವ ವಯಸ್ಸಿನಲ್ಲಿ ಬರಿಗಂಜಿಯುಂಡು ಶಾಲೆಗೆ ಬಂದು, ಎರಡನೆಯ ಪಾಠಕ್ಕೇ ತಲೆತಿರುಗಿ ಕುಳಿತ ಮಗಳಿಗೆ ಆ ಆರೈಕೆ ಏಕಿಲ್ಲ? ನೇಜಿ ನೆಡುವ ಮುನ್ನ ಗದ್ದೆಗೆ ಗೊಬ್ಬರ ಹಾಕದೆ, ತೆನೆ ಬಂದ ಮೇಲೆ ಹಾಕುವವರುಂಟೆ?

ಸೊಪ್ಪಿನ ಕಬ್ಬಿಣವು ಮೈಗೆ ಸುಲಭವಾಗಿ ಹತ್ತದು. ಸಿ ಜೀವಸತ್ವವು ಅದಕ್ಕೆ ನೆರವಾಗುತ್ತದೆ. ಆದರೆ ಅತಿಯಾಗಿ ಬೇಯಿಸಿದರೆ ಆ ಸತ್ವವು ಬಹುಮಟ್ಟಿಗೆ ನಾಶವಾಗುತ್ತದೆ. ಆದುದರಿಂದ ಸೊಪ್ಪನ್ನು ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ, ಹೆಸರುಬೇಳೆಯ ಕೋಸಂಬರಿಗೆ ಸೇರಿಸಿ ನಿಂಬೆರಸ ಹಿಂಡಿರಿ. ಊಟದೊಡನೆ ಚಹಾ ಕೊಡದಿರಿ. ರಕ್ತಹೀನತೆಯಿದ್ದವಳಿಗೆ ಸೊಪ್ಪೊಂದೇ ಸಾಲದು. ವೈದ್ಯರಿಗೆ ತೋರಿಸಿ, ಅವರು ಹೇಳಿದ ಕಬ್ಬಿಣದ ಮಾತ್ರೆಯನ್ನು ತಪ್ಪದೆ ಕೊಡಿರಿ.

ಸಬ್ಬಸಿಗೆ ದೊರೆಯದ ದಿನ ಹಿತ್ತಿಲಿನ ಹರಿವೆಯೂ ನುಗ್ಗೆಯೂ ಆದೀತು. ಮಗಳ ಬಟ್ಟಲಿಗೆ ಒಂದು ಹಿಡಿ ಸೊಪ್ಪು ಬೀಳಲು ಅವಳ ಬಾಣಂತನದವರೆಗೆ ಕಾಯಬೇಡಿರೆಂದು ತಾಯಿತಂದೆಗಳಲ್ಲಿಯೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿಯೂ ನಾವು ವಿನಂತಿಸುತ್ತೇವೆ.